ಕೋಟಿನ ಗುಂಡಿ ಒತ್ತಿದ ಬಿಸ್ಕತ್ತು

ಬಾಗಲಗುಂಟೆಯಲ್ಲಿ ನಮ್ಮ ಮನೆಯ ಹಿಂದಿನ ಬೀದಿಯಲ್ಲಿ ಈಗ ಬೇಕರಿ ಕೆಲಸ ಕಲಿಸುವ ತರಗತಿ ನಡೆಯುತ್ತದೆ. ಬಿಳಿ ಟೋಪಿ ಹಾಕಿಕೊಂಡ ಹುಡುಗ ಹುಡುಗಿಯರು ಬೆಳಿಗ್ಗೆ ಒಂಬತ್ತಕ್ಕೆ ಬರುತ್ತಾರೆ, ಸಂಜೆ ನಾಲ್ಕಕ್ಕೆ ಟೋಪಿ ಮಡಚಿಕೊಂಡು ಹೋಗುತ್ತಾರೆ. ಆ ತರಗತಿ ನಡೆಸುವ ಮೇಡಂ ಒಂದು ದಿನ ಮನೆಗೆ ಬಂದರು. "ತಾತ, ನೀವು ಜೀವನ ಪೂರ್ತಿ ಭಟ್ಟಿ ಮುಂದೆ ನಿಂತೋರು. ನಮ್ ಮಕ್ಳಿಗೆ ನಾಲ್ಕು ಮಾತು ಬರ್ದು ಕೊಡಿ. ಆ ಕಾಲದಲ್ಲಿ ಕ್ರಿಸ್‌ಮಸ್ ಬಂದ್ರೆ ಮನೆಮನೆ ಬಿಸ್ಕತ್ತು ನಿಮ್ ಬೇಕರೀಲೇ ಬೇಯಿಸ್ತಿದ್ರಂತಲ್ಲ, ಅದರ ಬಗ್ಗೆ ಬರೀರಿ" ಎಂದರು.

ಒಳ್ಳೆಯ ಮಾತು ನಾಲ್ಕು ಬೇಕಿದ್ದರೆ ಅವರು ಬೇರೆ ಯಾರನ್ನಾದರೂ ಕೇಳಬೇಕಿತ್ತು. ನನ್ನ ಹತ್ತಿರ ಇರುವುದು ಬಹುಪಾಲು ಕಹಿ. ಬೇಕರಿಯಲ್ಲಿ ದುಡಿದವನ ಬದುಕು ಸಿಹಿಯಾಗಿರುತ್ತದೆ ಎಂದುಕೊಳ್ಳುವವರು ಮೊದಲು ಭಟ್ಟಿಯ ಬಾಯಲ್ಲಿ ಮುಖ ಇಟ್ಟು ನೋಡಲಿ. ನನ್ನ ಹುಬ್ಬಿನ ಕೂದಲು ಮದುವೆಗೆ ಮೊದಲೇ ಸುಟ್ಟುಹೋಗಿತ್ತು. ಹೆಣ್ಣು ನೋಡಲು ಹೋದ ದಿನ ನಮ್ಮಮ್ಮ ಕಾಡಿಗೆಯಲ್ಲಿ ಹುಬ್ಬು ತೀಡಿ ಕಳಿಸಿದ್ದಳು.

ನಮ್ಮದು ಮತ್ತಿಕೆರೆ. ಆಗ ಅದು ಹಳ್ಳಿಯೇ. ರಾಗಿ ಹೊಲ, ಒಂದಿಷ್ಟು ಸೊಪ್ಪು ತರಕಾರಿ. ಅಣ್ಣಂದಿರು ಮೂವರಿಗೇ ಸಾಲದ ಜಮೀನಿನಲ್ಲಿ ನಾಲ್ಕನೆಯವನಿಗೆ ಏನಿದೆ ಎಂದು ಅಪ್ಪ ನನ್ನನ್ನು ಯಶವಂತಪುರದ ಬೇಕರಿಗೆ ಸೇರಿಸಿದ. ಐವತ್ತರ ದಶಕದ ಮೊದಲ ವರ್ಷಗಳು. ನನಗೆ ಹತ್ತೊಂಬತ್ತೋ ಇಪ್ಪತ್ತೋ. ಬೇಕರಿಯಲ್ಲಿ ಮೊಟ್ಟೆ ಮುಟ್ಟುತ್ತಾರೆ ಎಂಬುದು ಅಮ್ಮನಿಗೆ ದೊಡ್ಡ ಚಿಂತೆಯಾಗಿರಲಿಲ್ಲ, ನಮ್ಮಲ್ಲಿ ಕೋಳಿ ತಿನ್ನುವವರೇ. "ಬೆಂಕಿ ಮುಂದೆ ನಿಂತ್ರೆ ರಕ್ತ ಒಣಗೋಯ್ತದಂತೆ ಕಣಪ್ಪ, ಇಂಗೆ ಮಗನ್ನ ಬೇಯಕ್ ಕಳಿಸ್ತಾರಾ" ಎಂದು ಅತ್ತಳು. ಅಪ್ಪ ಕೇಳಲಿಲ್ಲ.

ಬೇಕರಿ ಸ್ಟೇಷನ್ನಿಗೆ ಹತ್ತಿರ. ಮುಂದೆ ಅಂಗಡಿ, ಹಿಂದೆ ಹೆಂಚಿನ ಮಾಡಿನ ಕೆಳಗೆ ಸೌದೆ ಭಟ್ಟಿ. ಇಟ್ಟಿಗೆಯ ಗುಮ್ಮಟ, ಒಬ್ಬ ಮನುಷ್ಯ ತೆವಳಿಕೊಂಡು ಹೋಗಬಹುದಾದಷ್ಟು ಬಾಯಿ. ಒಳಗೇ ಸರ್ವೆ ಸೌದೆ ಉರಿಸಿ, ಇಟ್ಟಿಗೆ ಕಾದ ಮೇಲೆ ಕೆಂಡ ಎಳೆದು, ಒದ್ದೆ ಗೋಣಿಯಿಂದ ಒರೆಸಿ, ಉದ್ದ ಹಿಡಿಯ ಹಲಗೆಯಲ್ಲಿ ತಗಡುಗಳನ್ನು ಒಳಗೆ ತಳ್ಳುವುದು. ಇಂದಿನ ಓವನ್ನಿನಲ್ಲಿ ತಿರುಪು ತಿರುಗಿಸಿದರೆ ಶಾಖ ಏರುತ್ತದೆ, ಇಳಿಯುತ್ತದೆ. ನಮ್ಮದು ಇಳಿಯುವುದು ಮಾತ್ರ. ಬೆಳಗಿನ ಜೋರು ಶಾಖಕ್ಕೆ ಬ್ರೆಡ್ಡು, ಅದು ಸ್ವಲ್ಪ ತಣಿದಾಗ ಕೇಕು, ಇನ್ನೂ ತಣಿದಾಗ ಬಿಸ್ಕತ್ತು. ಯಾವುದಕ್ಕೆ ಯಾವ ಹೊತ್ತು ಎಂದು ತಿಳಿದವನೇ ಭಟ್ಟಿಯವನು.

ನನಗೆ ಅದನ್ನು ಕಲಿಸಿದವರು ದಾವೂದ್ ಸಾಬರು. ನಾವೆಲ್ಲ ಉಸ್ತಾದ್ ಅನ್ನುತ್ತಿದ್ದೆವು. ಒಣಕಲು ಮನುಷ್ಯ, ಬಾಯಿ ಮಾತ್ರ ಹಸಿ ಮೆಣಸಿನಕಾಯಿ. ಅವರ ಥರ್ಮಾಮೀಟರ್ ಎಂದರೆ ಒಂದು ಹಿಡಿ ಮೈದಾ. ಅದನ್ನು ಬಿಸಿ ಇಟ್ಟಿಗೆಯ ಮೇಲೆ ಎರಚಿ ಎಣಿಸುವುದು. ಹತ್ತು ಎಣಿಸುವುದರೊಳಗೆ ಕಪ್ಪಾದರೆ ಬ್ರೆಡ್ಡಿನ ಶಾಖ. ಇಪ್ಪತ್ತಕ್ಕೆ ಕೆಂಪಾದರೆ ಕೇಕಿನದು. ಮೂವತ್ತು ದಾಟಿದ ಮೇಲೆ ನಿಧಾನಕ್ಕೆ ಗೋಧಿ ಬಣ್ಣಕ್ಕೆ ತಿರುಗಿದರೆ ಆಗ ಬಿಸ್ಕತ್ತು. "ಗಡಿಯಾರ ನೋಡಿ ತಗಡು ಇಡಬ್ಯಾಡ ಮಾರಪ್ಪ. ಗಡಿಯಾರಕ್ಕೆ ಸೌದೆ ಹಸಿನಾ ಒಣಗಿದ್ದಾ ಗೊತ್ತಾ? ಮೈದಾನ ಕೇಳು, ಅದು ಹೇಳ್ತದೆ" ಎನ್ನುತ್ತಿದ್ದರು.

ಡಿಸೆಂಬರ್ ಬಂದರೆ ನಮ್ಮ ಹಿತ್ತಲಿನಲ್ಲಿ ಜಾತ್ರೆ. ರೈಲ್ವೆ ಕ್ವಾರ್ಟರ್ಸಿನ ಕ್ರೈಸ್ತ ಕುಟುಂಬಗಳು, ಹೆಬ್ಬಾಳದ ಕಡೆಯ ತೋಟದ ಬಂಗಲೆಗಳವರು, ಯಾರ ಮನೆಯಲ್ಲೂ ಭಟ್ಟಿ ಇರಲಿಲ್ಲ. ಎಣ್ಣೆಯಲ್ಲಿ ಕರಿಯುವ ಕಲ್‌ಕಲ್, ಅಚ್ಚಿನ ಹೂವುಗಳನ್ನು ಮನೆಯಲ್ಲೇ ಮಾಡಿಕೊಳ್ಳುತ್ತಿದ್ದರು. ಬೇಯಿಸುವ ಬಿಸ್ಕತ್ತಿಗೆ ಮಾತ್ರ ನಮ್ಮಲ್ಲಿಗೇ ಬರಬೇಕು. ಹಿಟ್ಟು ಅವರೇ ಕಲಸಿ, ಬೋಗುಣಿಯಲ್ಲಿ ತುಂಬಿ, ಒದ್ದೆ ಬಟ್ಟೆ ಹೊದಿಸಿ ತರುತ್ತಿದ್ದರು. ಉಂಡೆ ಕಟ್ಟಿ ತಗಡಿನ ಮೇಲೆ ಇಟ್ಟು ಬೇಯಿಸುವುದು ನಾವು. ಹತ್ತು ಮನೆಯ ಬಿಸ್ಕತ್ತು ಒಂದೇ ಭಟ್ಟಿಯಲ್ಲಿದ್ದಾಗ ಯಾವುದು ಯಾರದು ಎಂದು ಹೇಳುವುದು ಹೇಗೆ? ಚೀಟಿ ಇಟ್ಟರೆ ಸುಟ್ಟುಹೋಗುತ್ತದೆ. ಅದಕ್ಕೆ ಒಂದೊಂದು ಮನೆಗೂ ಒಂದೊಂದು ಗುರುತು. ಒಬ್ಬರು ಬೀಗದ ಕೈ ಕೊಡುತ್ತಿದ್ದರು, ಒಬ್ಬರು ಮುಳ್ಳು ಚಮಚ, ಇನ್ನೊಬ್ಬರು ಹೊಲಿಯುವಾಗ ಬೆರಳಿಗೆ ಹಾಕುವ ಟೋಪಿ. ಪ್ರತಿ ಬಿಸ್ಕತ್ತಿನ ನೆತ್ತಿಯ ಮೇಲೂ ಆ ಮನೆಯ ಗುರುತನ್ನು ನಾವು ಒತ್ತಬೇಕು. ಬಿಸ್ಕತ್ತು ತೆಗೆದುಕೊಂಡು ಹೋಗುವಾಗ ಗುರುತಿನ ವಸ್ತುವನ್ನೂ ಲೆಕ್ಕ ತಪ್ಪದೆ ವಾಪಸು ಕೊಡಬೇಕು. ಆಗ ಪ್ರತಿ ಮನೆಯವರೂ ತಮ್ಮದರಲ್ಲಿ ಆರು ಬಿಸ್ಕತ್ತು ತೆಗೆದು ಭಟ್ಟಿಯವನಿಗೆ ಕೊಡುವುದು ಪದ್ಧತಿ. ಭಟ್ಟಿಪಾಲು ಎನ್ನುತ್ತಿದ್ದೆವು. ಆ ತಿಂಗಳು ನಮ್ಮ ಮನೆಯಲ್ಲಿ ಮುದ್ದೆಗಿಂತ ಬಿಸ್ಕತ್ತು ಹೆಚ್ಚು.

ನನ್ನ ಮೊದಲ ಎಡವಟ್ಟು ಎರಡನೆಯ ವರ್ಷವೇ ಆಯಿತು. ಹೆಬ್ಬಾಳದ ಕೆರೆಯಾಚೆ ಒಂದು ದ್ರಾಕ್ಷಿ ತೋಟದ ಬಂಗಲೆಯಿಂದ ಶುಂಠಿ ಬಿಸ್ಕತ್ತಿನ ಹಿಟ್ಟು ಬಂದಿತ್ತು. ಬೆಲ್ಲದ ಪಾಕ ಹಾಕಿದ್ದು ಬೇಗ ಕಪ್ಪಾಗುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಒಂದು ತಗಡು ಪೂರ್ತಿ ಕರಕಲು. ನಾನು ಅದನ್ನು ಬೂದಿಗುಡ್ಡೆಗೆ ಸುರಿಯಲು ಹೊರಟಿದ್ದೆ. ಉಸ್ತಾದ್ ಕಿವಿ ಹಿಡಿದರು. "ತಲೆ ಮೇಲೆ ಇಟ್ಕೋ, ನಡಿ" ಎಂದರು. ಯಶವಂತಪುರದಿಂದ ಹೆಬ್ಬಾಳದವರೆಗೆ, ಮಟಮಟ ಮಧ್ಯಾಹ್ನ, ಸುಟ್ಟ ತಗಡು ನನ್ನ ತಲೆಯ ಮೇಲೆ, ಮುಂದೆ ಉಸ್ತಾದ್. ಈಗ ಫ್ಲೈಓವರಿನ ಮೇಲೆ ಬಸ್ಸಿನಲ್ಲಿ ಹೋಗುವಾಗಲೂ ನನ್ನ ನೆತ್ತಿ ಒಮ್ಮೆ ಚುರ್ ಎನ್ನುತ್ತದೆ. ಬಂಗಲೆಯ ಮುದುಕಿ ಅರ್ಧ ಇಂಗ್ಲಿಷಿನಲ್ಲಿ ಅರ್ಧ ತಮಿಳಿನಲ್ಲಿ ಕಾಲು ಗಂಟೆ ಬೈದಳು. ಉಸ್ತಾದ್ ಕೈಕಟ್ಟಿ ಕೇಳಿಸಿಕೊಂಡರು. ಆಮೇಲೆ ಅವಳೇ ತುರಿಯುವ ಮಣೆ ತಂದು ತಳದ ಕರಿಯನ್ನು ಉಜ್ಜುತ್ತಾ ಕೂತಳು, ನಮಗೆ ಟೀ ಕೊಡಿಸಿದಳು. ವಾಪಸು ಬರುವಾಗ ಉಸ್ತಾದ್ ಹೇಳಿದ್ದು ಇಷ್ಟೇ. "ಸುಟ್ಟಿದ್ದನ್ನ ಸುಟ್ಟದ್ದು ಅಂತ ಅವತ್ತೇ ತಗೊಂಡೋಗಿ ಮುಂದೆ ಇಡು. ಬೈಗುಳ ಮೂರೇ ದಿನ ಇರ್ತದೆ."

ಇದನ್ನು ಆಗಲೇ ಕಲಿತಿದ್ದೆ ಎಂದು ನೀವು ಗಮನಿಸಬೇಕು. ಗೊತ್ತಿಲ್ಲದೆ ಮಾಡಿದೆ ಎಂದು ಮುಂದೆ ನಾನು ಹೇಳುವ ಹಾಗಿಲ್ಲ.

ಯಜಮಾನರ ವಿಷಯ. ಹೆಸರು ಬೇಡ, ಅವರ ಮಕ್ಕಳು ಮರಿ ಚೆನ್ನಾಗಿದ್ದಾರೆ. ನೋಡಲು ದೇವರಂಥ ಮನುಷ್ಯ, ಹಣೆಯಲ್ಲಿ ಕುಂಕುಮ, ಮಾತಿನಲ್ಲಿ ಬೆಣ್ಣೆ. ಬಿಸ್ಕತ್ತಿನಲ್ಲಿ ಮಾತ್ರ ಬೆಣ್ಣೆ ಇರುತ್ತಿರಲಿಲ್ಲ. ಗಲ್ಲಾದ ಹತ್ತಿರ ಕೂತೇ ಭಟ್ಟಿಯನ್ನು ಆಳುತ್ತಿದ್ದರು. ಅರವತ್ತರ ದಶಕದ ಮಧ್ಯದಲ್ಲಿ ಮೈದಾ, ಸಕ್ಕರೆ ಎಲ್ಲದಕ್ಕೂ ಬರ ಬಂತಲ್ಲ, ರೇಷನ್ ಅಂಗಡಿಯ ಮುಂದೆ ಜನ ಬೆಳಗಿನಿಂದ ನಿಲ್ಲುವ ಕಾಲ, ಆಗ ಅವರು ಮೊದಲು ಮಾಡಿದ ಸುಧಾರಣೆ ಎಂದರೆ ಮೈದಾ ಎರಚುವುದನ್ನು ನಿಲ್ಲಿಸಿದ್ದು. "ದಿನಾ ಒಂದೊಂದು ಹಿಡಿ ಬೆಂಕಿಗೆ ಹಾಕ್ತೀರಲ್ರೋ, ಜನ ತಿನ್ನಕ್ಕಿಲ್ಲ ಅಂತ ಸಾಯ್ತಿದಾರೆ. ಗಡಿಯಾರ ತಂದು ತೂಗುಹಾಕಿದ್ದೀನಿ, ನೋಡ್ಕೊಂಡು ಮಾಡಿ" ಎಂದರು. ಉಸ್ತಾದ್ ಜಗಳವಾಡಿದರು. ಆದರೆ ಅವರ ಎದೆ ಆಗಲೇ ಕೆಟ್ಟಿತ್ತು. ಹೊಗೆ ಕುಡಿದ ಎದೆ. ಆ ಚಳಿಗಾಲದಲ್ಲಿ ಅವರು ಹಾಸಿಗೆ ಹಿಡಿದು ಮನೆಯಲ್ಲೇ ಉಳಿದರು. ಭಟ್ಟಿ ನನ್ನ ಕೈಗೆ ಬಂತು. ಉಸ್ತಾದರ ಜಾಗ ನನಗೇ ಖಾಯಂ ಆಗಬಹುದು ಎಂದು ಯಜಮಾನರು ಒಂದೆರಡು ಸಲ ಸೂಚನೆ ಕೊಟ್ಟರು. ಮನೆಯಲ್ಲಿ ಎರಡು ಕೂಸು. ನಾನು ಗಡಿಯಾರ ನೋಡಲು ಕಲಿತೆ.

ಇನ್ನು ಫಿಲೋಮಿನಮ್ಮ. ರೈಲ್ವೆ ಕ್ವಾರ್ಟರ್ಸಿನಲ್ಲಿದ್ದರು. ಗಂಡ ಫಿಟ್ಟರ್ ಆಗಿದ್ದವರು ಮೂರು ವರ್ಷದ ಹಿಂದೆ ತೀರಿಕೊಂಡು, ಕನಿಕರದ ಮೇಲೆ ಕೊಟ್ಟ ಅಟೆಂಡರ್ ಕೆಲಸದಲ್ಲಿ ಈಕೆ ಮನೆ ನಡೆಸುತ್ತಿದ್ದರು. ಮಕ್ಕಳಿಲ್ಲ. ಮನೆಯಲ್ಲಿ ಅತ್ತೆ ಅನ್ನಮ್ಮಜ್ಜಿ, ಸೊಸೆ ಫಿಲೋಮಿನಮ್ಮ, ಇಬ್ಬರೇ. ಅಜ್ಜಿಗೆ ಕಣ್ಣು ಮಂಜು, ಕಾಲು ನಿಲ್ಲುತ್ತಿರಲಿಲ್ಲ. ಅವರ ಬಿಸ್ಕತ್ತು ಅಜ್ಜಿಯ ಕೈಯದು, ಸೊಸೆಗೆ ಕಲಿಸಿದ್ದು. ಅರ್ಧ ಮೈದಾ, ಅರ್ಧ ಹುರಿದ ಚಿರೋಟಿ ರವೆ, ಅಚ್ಚ ಬೆಣ್ಣೆ, ಸಕ್ಕರೆ, ಕುಟ್ಟಿದ ಸೋಂಪು, ನಿಂಬೆಹಣ್ಣಿನ ಸಿಪ್ಪೆಯ ತುರಿ. ಮೊಟ್ಟೆ ಇಲ್ಲ, ಸೋಡಾ ಇಲ್ಲ, ಬಿಸ್ಕತ್ತು ಉಬ್ಬಲೆಂದು ಬೇಕರಿಯಲ್ಲಿ ಹಾಕುವ ಅಮೋನಿಯಾ ಪುಡಿಯೂ ಇಲ್ಲ. ಗುರುತು ಒಂದು ಹಿತ್ತಾಳೆ ಗುಂಡಿ. ಅಜ್ಜಿಯ ಗಂಡ ರೈಲ್ವೆ ಗಾರ್ಡ್ ಆಗಿದ್ದರಂತೆ, ಅವರ ಕೋಟಿನದು. ಮಧ್ಯೆ ಚಕ್ರ, ಸುತ್ತ ಸಣ್ಣ ಚುಕ್ಕೆಗಳ ಸಾಲು. ಅದನ್ನು ಒತ್ತಿ ಬೇಯಿಸಿದ ಬಿಸ್ಕತ್ತನ್ನು ನೋಡಿದರೆ ತಿನ್ನುವುದಕ್ಕಿಂತ ಜೇಬಿಗೆ ಹೊಲಿದುಕೊಳ್ಳಬೇಕು ಅನಿಸುತ್ತಿತ್ತು. ಹತ್ತು ಹನ್ನೆರಡು ವರ್ಷ ನಾನು ಆ ಹಿಟ್ಟನ್ನು ಉಂಡೆ ಕಟ್ಟಿದ್ದೇನೆ. ನನಗೆ ಅತ್ಯಂತ ಇಷ್ಟವಾದ ಭಟ್ಟಿಪಾಲು ಅದೇ.

ಆ ವರ್ಷ ಡಿಸೆಂಬರ್ ಇಪ್ಪತ್ತೆರಡೋ ಇಪ್ಪತ್ತಮೂರೋ. ಫಿಲೋಮಿನಮ್ಮ ಬೋಗುಣಿ ತಂದು ನನ್ನ ಮುಂದೆ ಇಟ್ಟರು. ಸೆರಗಿನ ಗಂಟು ಬಿಚ್ಚಿ ಗುಂಡಿ ಕೊಟ್ಟರು.

"ಹುಷಾರು ಮಾರಪ್ಪ. ಈ ಸಲ ಇಷ್ಟೇ ಆಗಿದ್ದು. ನಮ್ಮತ್ತೆ ಐದು ತಿಂಗ್ಳಿಂದ ಕಾಫೀಗೆ ಬೆಲ್ಲ ಹಾಕ್ಕೊಂಡು ಕುಡೀತಿದಾರೆ. ರೇಷನ್ ಸಕ್ಕರೇನೆಲ್ಲ ಇದಕ್ಕೇ ಅಂತ ಎತ್ತಿಟ್ಟಿದ್ದು. ಇದೇ ಕೊನೇ ಹಬ್ಬ ಅಂತಾರೆ, ಏನ್ ಮಾಡೋದು ಹೇಳಿ."

"ನೀವ್ ಡ್ಯೂಟಿ ಮುಗಿಸ್ಕೊಂಡು ಬನ್ನಿ ಅಮ್ಮ, ರೆಡಿ ಇರ್ತದೆ" ಎಂದೆ.

ಬಿಸ್ಕತ್ತಿನ ಹೊತ್ತು ಹನ್ನೊಂದೂವರೆ. ಹತ್ತೂವರೆಗೆ ರೇಷನ್ ಆಫೀಸಿನ ಒಬ್ಬ ಇನ್ಸ್‌ಪೆಕ್ಟರ್ ಮನೆಯಿಂದ ಬೇಯಿಸಲು ಎರಡು ದೊಡ್ಡ ಕೇಕು ಬಂದವು, ತಡವಾಗಿ. ಅಷ್ಟು ಹೊತ್ತಿಗೆ ಭಟ್ಟಿ ತಣಿದಿತ್ತು. ಯಜಮಾನರು ಗಲ್ಲಾ ಬಿಟ್ಟು ಎದ್ದು ಬಂದರು. "ಇನ್ನೊಂದ್ಸಲ ಸೌದೆ ಹಾಕು. ಅವರ ಮನೇದು ಆಗ್ದೆ ಇದ್ರೆ ನಾಳೆ ನಮಗೆ ಮೈದಾ ಸಿಗಲ್ಲ" ಎಂದರು. ಸರ್ವೆ ಮುಗಿದಿತ್ತು, ಹುಣಸೆ ಕೊರಡು ಹಾಕಿದೆ. ಹುಣಸೆಯ ಬೆಂಕಿ ಜಿಗುಟು, ಇಟ್ಟಿಗೆಯ ಹೊಟ್ಟೆಗೆ ಇಳಿದು ಕೂರುತ್ತದೆ. ಕೇಕು ಬೆಂದು ಹೊರಗೆ ಬಂದವು. ಗಡಿಯಾರ ನೋಡಿದೆ, ಒಂದು ಗಂಟೆ. ಹೊತ್ತು ಮೀರಿದೆ, ಇಷ್ಟು ಹೊತ್ತಿಗೆ ತಣಿದಿರಬೇಕು ಎಂದುಕೊಂಡೆ. ಒಂದು ಹಿಡಿ ಮೈದಾ ಎರಚಿದ್ದರೆ ಹತ್ತು ಎಣಿಸುವುದರೊಳಗೆ ಗೊತ್ತಾಗುತ್ತಿತ್ತು. ಎರಚಿದ್ದರೆ ಯಜಮಾನರು ಏನು ಮಾಡುತ್ತಿದ್ದರು, ಬೈಯುತ್ತಿದ್ದರು. ಫಿಲೋಮಿನಮ್ಮನ ಮೂರೂ ತಗಡನ್ನು ಒಟ್ಟಿಗೆ ಒಳಗೆ ತಳ್ಳಿ ಬಾಗಿಲು ಮುಚ್ಚಿದೆ.

ವಾಸನೆ ಬಂದಾಗ ಓಡಿದೆ. ಮೂರು ತಗಡೂ ಹೋಗಿದ್ದವು. ಮೇಲೆ ಕಪ್ಪು, ಒಳಗೆ ಕಪ್ಪು. ತುರಿದು ಉಳಿಸಿಕೊಳ್ಳಲು ಒಂದು ಬಿಸ್ಕತ್ತೂ ಇರಲಿಲ್ಲ. ಐದು ತಿಂಗಳ ಸಕ್ಕರೆ.

ಯಜಮಾನರು ನೋಡಿದರು. ಬೈಯಲಿಲ್ಲ, ಅದಕ್ಕೇ ನನಗೆ ಭಯವಾಯಿತು. "ಎಷ್ಟು ಗಂಟೆಗೆ ಬರ್ತಾಳೆ?" ಎಂದು ಕೇಳಿದರು.

"ಐದಕ್ಕೆ."

"ಅದಕ್ಕೆ ಏನೇನ್ ಹಾಕ್ತಾರೆ ಅಂತ ನಿಂಗೆ ಗೊತ್ತಲ್ಲ. ನಮ್ ಹಿಟ್ಟಲ್ಲಿ ಮಾಡು. ಗುಂಡಿ ಇಲ್ಲೇ ಇದೆಯಲ್ಲ, ಒತ್ತು."

"ಅವರದು ಬೆಣ್ಣೇದು ಸ್ವಾಮಿ. ನಾನೇ ಹೋಗಿ ಹೇಳ್ಬಿಡ್ತೀನಿ."

"ಹೇಳು. ಕ್ವಾರ್ಟರ್ಸ್ ಪೂರ್ತಿ ಹಬ್ಬಲಿ. ನಾಳೆ ಅಷ್ಟೂ ಜನ ಬೋಗುಣಿ ಎತ್ಕೊಂಡು ಮಲ್ಲೇಶ್ವರಕ್ಕೆ ಹೋಗ್ಲಿ. ಆಮೇಲೆ ನೀನೂ ಅವರ ಹಿಂದೇನೇ ಹೋಗು, ಮತ್ತಿಕೆರೇಲಿ ಸೊಪ್ಪು ಕೀಳ್ಕೊಂಡು ಇರು."

ನಾನು ಮಾಡಿದೆ. ಡಾಲ್ಡಾ, ಮೈದಾ, ರವೆ. ಅಂಗಡಿಗೆಂದು ಇಟ್ಟಿದ್ದ ಸಕ್ಕರೆ. ಸೋಂಪು ತರಿಸಿ ಕುಟ್ಟಿದೆ. ನಿಂಬೆ ಸಿಪ್ಪೆಯನ್ನೂ ಮರೆಯಲಿಲ್ಲ. ಹತ್ತು ವರ್ಷ ಮೂಸಿದ ಮೂಗು, ವಾಸನೆ ಸರಿಯಾಗಿ ಬರುವವರೆಗೆ ಬಿಡಲಿಲ್ಲ. ಉಂಡೆ ಕಟ್ಟಿ ಒಂದೊಂದರ ಮೇಲೂ ಆ ಗುಂಡಿ ಒತ್ತಿದೆ. ಈ ಸಲ ಮೈದಾ ಎರಚಿ ನೋಡಿಯೇ ಭಟ್ಟಿಗೆ ಇಟ್ಟೆ, ಯಜಮಾನರು ಪಕ್ಕದಲ್ಲೇ ನಿಂತಿದ್ದರೂ ಏನೂ ಅನ್ನಲಿಲ್ಲ. ಹೊರಗೆ ಬಂದಾಗ ಯಾರು ನೋಡಿದರೂ ಫಿಲೋಮಿನಮ್ಮನದೇ ಅನ್ನಬೇಕು, ಹಾಗಿತ್ತು. ನಿಜ ಬರೆಯುವುದಾದರೆ ಪೂರ್ತಿ ಬರೆಯಬೇಕು: ನನಗೆ ಆಗ ಒಳಗೊಳಗೇ ಹೆಮ್ಮೆಯಾಯಿತು. ಕೈಗೆ ನಾಚಿಕೆ ಇರುವುದಿಲ್ಲ.

ಐದಕ್ಕೆ ಆಕೆ ಬಂದು ಮುಚ್ಚಳ ತೆಗೆದು ನೋಡಿದರು. ಮುಖ ಅರಳಿತು. "ಎಷ್ಟು ಚೆನ್ನಾಗ್ ಬಂದಿದೆ ಮಾರಪ್ಪ" ಎಂದು ಆರು ಎಣಿಸಿ ನನ್ನ ಕೈಗೆ ಹಾಕಿದರು. ನಾನು ಮಾಡಿದ ಮೋಸದಲ್ಲಿ ನನ್ನದೇ ಪಾಲು. ತೆಗೆದುಕೊಂಡೆ. ತೆಗೆದುಕೊಳ್ಳದಿದ್ದರೆ ಅನುಮಾನ ಬರುತ್ತದಲ್ಲ. ಸ್ಟೇಷನ್ನಿನ ಬೇಲಿಯ ಹತ್ತಿರ ಕಾಗೆಗಳಿಗೆ ಎಸೆದು ಮನೆಗೆ ಹೋದೆ.

ಹಬ್ಬ ಕಳೆದ ಮೂರನೆಯ ದಿನ ಫಿಲೋಮಿನಮ್ಮ ಹಿತ್ತಲಿನ ಬಾಗಿಲಲ್ಲಿ ನಿಂತಿದ್ದರು. ಕಣ್ಣು ಊದಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಕೈಗೆ ಅಂಟಿದ್ದ ಹಿಟ್ಟನ್ನು ಒರೆಸಿಕೊಳ್ಳುತ್ತಲೇ ಇದ್ದೆ.

ಆದರೆ ಆಕೆ ಬಂದದ್ದು ನನ್ನ ಮೇಲೆ ದೂರು ಹೇಳಲಿಕ್ಕಲ್ಲ. "ನೀವೊಂದ್ಸಲ ನಮ್ಮನೇಗೆ ಬರ್ಬೇಕು ಮಾರಪ್ಪ. ನಮ್ಮತ್ತೆ ನನ್ ಜೊತೆ ಮಾತು ಬಿಟ್ಟಿದಾರೆ. ಸಕ್ಕರೆ, ಬೆಣ್ಣೆ ಮಾರ್ಕೊಂಡು ಬೇಕರಿ ಬಿಸ್ಕತ್ತಿಗೆ ಗುಂಡಿ ಒತ್ತಿಸ್ಕೊಂಡು ಬಂದಿದ್ದೀಯ ಅಂತಾರೆ. ಮುದುಕಿಗೆ ಬಾಯಿ ರುಚಿ ಹೋಗಿದೆ ಅಂತ ನಾನು ಅಂದ್ಕೊಂಡಿದ್ದೀನಿ. ಹದಿನಾರು ವರ್ಷ ಆಯ್ತು ನಾನು ಆ ಮನೆಗೆ ಬಂದು, ಒಂದ್ ದಿನ ನನ್ನ ಕಳ್ಳಿ ಅಂದಿರ್ಲಿಲ್ಲ. ನೀವೇ ಅಲ್ವಾ ಬೇಯಿಸಿದ್ದು, ನೀವೊಂದ್ ಮಾತು ಹೇಳಿದ್ರೆ ನಂಬ್ತಾರೆ."

ಯಜಮಾನರಿಗೆ ಎಲ್ಲ ಕೇಳಿಸಿತ್ತು. ಗಲ್ಲಾದಿಂದಲೇ, "ಹೋಗಿ ಬಾ ಮಾರಪ್ಪ, ವಯಸ್ಸಾದೋರು, ಸಮಾಧಾನ ಹೇಳಿ ಬಾ" ಎಂದರು. ನನ್ನ ಕಡೆ ನೋಡಿದ ನೋಟದಲ್ಲಿ ಯಾವ ಸಮಾಧಾನ ಹೇಳಬೇಕು ಎಂಬುದೂ ಇತ್ತು.

ಕ್ವಾರ್ಟರ್ಸಿನಲ್ಲಿ ಒಂದೇ ಕೋಣೆ, ಒಂದು ಅಡಿಗೆಮನೆ. ಅಜ್ಜಿ ಹಗ್ಗದ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಪಕ್ಕದ ಸ್ಟೂಲಿನ ಮೇಲೆ ಬಿಸ್ಕತ್ತಿನ ಡಬ್ಬ, ಯಾರೂ ಮುಟ್ಟಿದ ಹಾಗಿರಲಿಲ್ಲ.

"ಬೇಕರಿಯವ್ನೇನಪ್ಪ?" ಎಂದರು. "ಫಿಲೋ, ಒಂದ್ ಗ್ಲಾಸು ಬಿಸಿ ಹಾಲು ತಾ."

ಹಾಲು ಬಂತು. ಅಜ್ಜಿ ಡಬ್ಬದಿಂದ ಒಂದು ಬಿಸ್ಕತ್ತು ತೆಗೆದು ತಡವಿ ನೋಡಿ, ಗ್ಲಾಸಿಗೆ ಬಿಟ್ಟರು. ಬಿಸ್ಕತ್ತು ತೇಲಿತು. ಬೆರಳಲ್ಲಿ ಒತ್ತಿದರು. ಮತ್ತೆ ಮೇಲೆ ಬಂತು.

"ನನಗೆ ಹಲ್ಲಿಲ್ಲ ಕಣಪ್ಪ. ನಲವತ್ತು ವರ್ಷದಿಂದ ನಾನು ಮಾಡಿದ್ದನ್ನ ಹಾಲಲ್ಲೋ ಕಾಫಿಯಲ್ಲೋ ಅದ್ದೇ ತಿಂತೀನಿ. ನನ್ ಬಿಸ್ಕತ್ತು ಮುಳುಗ್ತದೆ. ತಳಕ್ಕೆ ಹೋಗಿ ಕೂರ್ತದೆ, ಚಮಚ ಹಾಕಿ ಎತ್ತಬೇಕು. ಇದು ಬೆಂಡಿನ ಹಾಗೆ ತೇಲ್ತಾ ಇದೆ. ನನ್ ಕಣ್ಣು ಹೋಗಿರ್ಬೋದು, ಬೆರಳು ಹೋಗಿಲ್ಲ. ಈಗ ನೀನು ಹೇಳು, ಇದು ಇವಳು ತಂದ ಹಿಟ್ಟಾ?"

ಆಗ ನನಗೆ ಹೊಳೆಯಿತು. ಅಮೋನಿಯಾ. ವಾಸನೆ, ಬಣ್ಣ, ನಿಂಬೆ ಸಿಪ್ಪೆ ಎಲ್ಲವನ್ನೂ ನೆನಪಿಟ್ಟುಕೊಂಡವನು, ಕೈರೂಢಿಯಲ್ಲಿ ಒಂದು ಚಿಟಿಕೆ ಅಮೋನಿಯಾ ಹಾಕಿದ್ದೆ. ದಿನಾ ಬೇಕರಿಯ ಬಿಸ್ಕತ್ತಿಗೆ ಹಾಕುವ ಹಾಗೆ, ಹಾಕಿದ್ದು ಕೈಗೂ ಗೊತ್ತಾಗದ ಹಾಗೆ. ಅದಕ್ಕೇ ಒಳಗೆಲ್ಲ ಗಾಳಿ, ಅದಕ್ಕೇ ತೇಲುತ್ತಿತ್ತು.

ಹೇಳಲು ನನಗೆ ಅಲ್ಲಿ ಒಂದೇ ಒಂದು ವಾಕ್ಯ ಬೇಕಿತ್ತು. ನಿಮ್ಮ ಸೊಸೆಯ ಹಿಟ್ಟು ನನ್ನ ಕೈಯಲ್ಲಿ ಸುಟ್ಟುಹೋಯಿತು ಅಜ್ಜಿ. ಅಷ್ಟು ಸಾಕಿತ್ತು. ಮಂಚದ ಕಾಲ ಬುಡದಲ್ಲಿ ನಿಂತಿದ್ದೆ, ಬಾಗಿ ಅವರ ಪಾದ ಮುಟ್ಟಬಹುದಿತ್ತು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿ ತಪ್ಪಿಸಿಕೊಳ್ಳೋಣವೆಂದು ಮೊದಲು ನೋಡಿದೆ. "ಈಗಿನ ರೇಷನ್ ಮೈದಾ ಸರಿ ಇಲ್ಲ ಅಜ್ಜಿ, ಹಿಂಗೇ ಒಂದೊಂದ್ಸಲ" ಎಂದೆ.

"ಮೈದಾ ಕೇಳ್ಲಿಲ್ಲ. ಇದು ಇವಳು ತಂದ ಹಿಟ್ಟಾ?"

"ಹೌದು ಅಜ್ಜಿ. ಇವರದೇ. ಗುಂಡಿ ನೋಡಿ, ನಿಮ್ಮದೇ ಅಲ್ವಾ."

ಅಜ್ಜಿ ಗ್ಲಾಸನ್ನು ಸ್ಟೂಲಿನ ಮೇಲೆ ಇಟ್ಟರು. ಆಮೇಲೆ ಸೊಸೆಯ ಕಡೆಗೆ ಮುಖ ತಿರುಗಿಸಿ, ದನಿ ಏರಿಸದೆ ಕೇಳಿದರು. "ಇವನಿಗೂ ಪಾಲು ಕೊಟ್ಯಾ ಫಿಲೋ?"

 ಫಿಲೋಮಿನಮ್ಮ ಹಾಲಿನ ಗ್ಲಾಸನ್ನು ನೋಡುತ್ತಿದ್ದರು. ಅಲ್ಲಿಯವರೆಗೆ ಅದನ್ನು ತೇಲಿಸಿ ನೋಡುವ ಯೋಚನೆ ಆಕೆಗೂ ಬಂದಿರಲಿಲ್ಲ ಅಂತ ಕಾಣುತ್ತದೆ. ಗ್ಲಾಸಿನಿಂದ ಕಣ್ಣೆತ್ತಿ ನನ್ನನ್ನು ನೋಡಿದರು. ಬೈಯುತ್ತಾರೆ ಎಂದು ಕಾದೆ. ಆಕೆ ಬಾಗಿಲು ತೆಗೆದು ನಾನು ಹೋಗಲು ದಾರಿ ಬಿಟ್ಟರು.

ನಾನು ಸುಮ್ಮನೆ ಸುಳ್ಳು ಹೇಳಿದ್ದರೆ ಅದು ಬೇರೆ. ಆ ಹೆಂಗಸನ್ನು ಕಾಪಾಡುತ್ತೇನೆಂದು ಹೋಗಿ, ಆಕೆಯ ಕಳ್ಳತನಕ್ಕೆ ಸಾಕ್ಷಿಯಾಗಿ ನಿಂತು ಬಂದೆ. ನಾನು ಹೋಗದಿದ್ದರೆ ಅಜ್ಜಿಗೆ ಅನುಮಾನವೊಂದೇ ಇರುತ್ತಿತ್ತು. ನಾನು ಹೋಗಿದ್ದರಿಂದ ಖಾತ್ರಿಯಾಯಿತು. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾನು ಹೇಳಬೇಕಾದ್ದು ಭಟ್ಟಿಯ ಶಾಖದ ವಿಷಯವಲ್ಲ, ಇದು.

ಈಸ್ಟರಿಗೆ ಮೊದಲೇ ಅನ್ನಮ್ಮಜ್ಜಿ ತೀರಿಕೊಂಡರು. ಕ್ವಾರ್ಟರ್ಸಿಗೆ ಬ್ರೆಡ್ಡು ಹಾಕುವವನು ಬಂದು ಹೇಳಿದ. ಕೊನೆಯವರೆಗೂ ಸೊಸೆಯ ಕೈಯಲ್ಲೇ ಊಟ ಮಾಡಿದರಂತೆ, ಆದರೆ ಬೀರುವಿನ ಬೀಗದ ಕೈಯನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದರಂತೆ. ಆ ಮಾತು ಕೇಳಿದ ದಿನ ನಾನು ತೆಗೆದ ಬ್ರೆಡ್ಡು ಅರ್ಧಕ್ಕರ್ಧ ಹಸಿ. ಯಜಮಾನರು ಆಗ ಬೈದರು.

ಉಸ್ತಾದರಿಗೆ ಹೇಳಿಕೊಳ್ಳಲು ಹೋಗಿದ್ದೆ. ಯಾರಿಗಾದರೂ ಹೇಳದೆ ಇರಲು ಆಗುತ್ತಿರಲಿಲ್ಲ. ಕಂಬಳಿ ಹೊದ್ದು ಕೂತಿದ್ದರು, ಮಾತಿಗೊಂದು ಕೆಮ್ಮು. ಎಲ್ಲ ಕೇಳಿ, "ಹೆಬ್ಬಾಳ ನೆನಪಿದೆಯಾ ನಿಂಗೆ?" ಎಂದರು. ಇದೆ ಎಂದೆ. "ಹಂಗಾದ್ರೆ ನನ್ ಹತ್ರ ಯಾಕ್ ಬಂದೆ, ಅವರ ಮನೇಗ್ ಹೋಗು" ಎಂದು ಗೋಡೆಯ ಕಡೆಗೆ ತಿರುಗಿದರು. ನಾನು ಹೋಗಲಿಲ್ಲ. ನಾಳೆ ಹೋಗುತ್ತೇನೆ, ಭಾನುವಾರ ಹೋಗುತ್ತೇನೆ ಎಂದು ವರ್ಷ ಕಳೆದೆ. ಅಷ್ಟರಲ್ಲಿ ಭಟ್ಟಿ ನನಗೆ ಖಾಯಂ ಆಗಿತ್ತು.

ಮುಂದಿನ ಡಿಸೆಂಬರಿನಲ್ಲಿ ಒಂದು ದಿನ ಫಿಲೋಮಿನಮ್ಮ ಬಂದರು. ಹಿತ್ತಲಿಗೆ ಬರಲಿಲ್ಲ, ಅಂಗಡಿಯ ಮುಂದೆ ಗಿರಾಕಿಗಳ ಹಾಗೆ ನಿಂತು ನನ್ನನ್ನು ಕರೆಸಿದರು. ಕೈಯಲ್ಲಿ ಬೋಗುಣಿ ಇರಲಿಲ್ಲ. ಸೆರಗಿನ ಗಂಟು ಬಿಚ್ಚಿ ಗುಂಡಿ ತೆಗೆದು, ನಾನು ಅಂಗೈ ಚಾಚಲು ಕಾಯದೆ ಅಂಗಡಿಯ ಕಟ್ಟೆಯ ಮೇಲೆ ಇಟ್ಟರು.

"ನನಗೆ ಜೋಲಾರ್‌ಪೇಟೆಗೆ ವರ್ಗ ಆಗಿದೆ. ಇದು ನೀವೇ ಇಟ್ಕೊಳ್ಳಿ ಮಾರಪ್ಪ. ನಮ್ಮನೇಲಿ ಇನ್ನು ಬಿಸ್ಕತ್ತು ಮಾಡಲ್ಲ. ಇದನ್ನ ಹೆಂಗೆ ಒತ್ತಬೇಕು ಅನ್ನೋದು ನಿಮಗೇ ಚೆನ್ನಾಗ್ ಗೊತ್ತು."

ಆಗ ಬಾಯಿ ಬಂತು ನನಗೆ. ಇಡೀ ವರ್ಷ ಬಾರದ್ದು. "ಅಮ್ಮ, ಅವತ್ತು ನಿಮ್ಮ ಹಿಟ್ಟು ಸುಟ್ಟೋಯ್ತು. ಮೂರು ತಗಡೂ. ನಾನೇ ಸುಟ್ಟಿದ್ದು."

"ಗೊತ್ತು. ಹಾಲಲ್ಲಿ ತೇಲಿದಾಗ್ಲೇ ಗೊತ್ತಾಯ್ತು. ಈಗ ನನಗ್ ಹೇಳಿ ಏನ್ ಮಾಡ್ತೀರ, ಕೇಳ್ಬೇಕಾಗಿದ್ದೋರು ಹೋದ್ರಲ್ಲ" ಎಂದು ಆಕೆ ಸ್ಟೇಷನ್ನಿನ ಕಡೆಗೆ ನಡೆದರು. ಆಮೇಲೆ ನಾನು ಅವರನ್ನು ನೋಡಿಲ್ಲ.

ಆ ಬೇಕರಿಯಲ್ಲಿ ಸೌದೆ ಹೋಗಿ ಡೀಸೆಲ್ ಬಂತು, ಡೀಸೆಲ್ ಹೋಗಿ ಕರೆಂಟು ಬಂತು. ಗುರುತು ಕೊಡುತ್ತಿದ್ದ ಮನೆಯವರೂ ಒಬ್ಬೊಬ್ಬರಾಗಿ ಬರುವುದನ್ನು ನಿಲ್ಲಿಸಿದರು, ಮನೆಗಳಿಗೇ ಸಣ್ಣ ಓವನ್ನು ಬಂದವು. ನನಗೂ ಮಗ ಒಂದು ತಂದುಕೊಟ್ಟಿದ್ದಾನೆ. ವರ್ಷಕ್ಕೊಮ್ಮೆ, ಡಿಸೆಂಬರಿನಲ್ಲಿ, ಅನ್ನಮ್ಮಜ್ಜಿಯ ಬಿಸ್ಕತ್ತನ್ನು ಮಾಡುತ್ತೇನೆ. ಅಚ್ಚ ಬೆಣ್ಣೆ, ಸೋಂಪು, ನಿಂಬೆ ಸಿಪ್ಪೆ. ಅಮೋನಿಯಾ ಡಬ್ಬಿ ನಮ್ಮ ಮನೆಯೊಳಗೆ ಬರುವ ಹಾಗಿಲ್ಲ. ಒಂದನ್ನು ಲೋಟದ ಹಾಲಿಗೆ ಬಿಟ್ಟು, ತಳಕ್ಕೆ ಹೋಗಿ ಕೂರುವವರೆಗೆ ನೋಡುತ್ತೇನೆ. ಆಮೇಲೆ ಮಿಕ್ಕವರು ತಿನ್ನುತ್ತಾರೆ.

ನಮ್ಮ ಸೊಸೆ ಪ್ರತಿ ವರ್ಷ ಕೇಳುತ್ತಾಳೆ. "ಮಾವ, ಇದು ಬೋಳುಬೋಳಾಗಿದೆ. ಮುಂಚೆ ಯಾವುದೋ ಹಿತ್ತಾಳೆ ಗುಂಡಿ ಒತ್ತುತಿದ್ರಿ ಅಂತಿದ್ರಲ್ಲ, ಅದನ್ನೇ ಒತ್ತಬಾರ್ದಾ?"

ಅದು ಯಾವಾಗಲೋ ಕಳೆದುಹೋಯಿತಮ್ಮ ಎಂದು ಹೇಳಿದ್ದೇನೆ. ಕಳೆದಿಲ್ಲ. ಇದನ್ನು ಬರೆಯುತ್ತಿರುವ ಮೇಜಿನ ಮೇಲೆ, ನನ್ನ ಕನ್ನಡಕದ ಡಬ್ಬಿಯಲ್ಲಿದೆ.